ಉದಗೀರವೆಂಬ ಪರದೇಶದಲ್ಲಿ ನಮ್ಮ ದಾಜಿ

ನಮ್ಮ ದಾಜಿ ಅರವತ್ತೆರಡನೆಯ ವಯಸ್ಸಿನಲ್ಲಿ ಪರದೇಶಕ್ಕೆ ಹೋಗಿ ನೆಲೆಸಿದರು ಅಂದರೆ ನೀವು ನಂಬಬೇಕು. ಆ ಪರದೇಶದ ಹೆಸರು ಉದಗೀರ ಅಂದರೆ ನೀವು ನಗಬಾರದು. ನಾವಂತೂ ನಕ್ಕೆವು. ಹುಟ್ಟಿದಾಗಿನಿಂದ ಅದೇ ಊರಿನಲ್ಲಿ ನೀರು ತುಂಬಿ, ಸಂತೆ ಮಾಡಿ, ಬಸ್ಸಿಗೆ ಕಾದು ಬೆಳೆದ ನಮಗೆ, ನಮ್ಮ ಊರು ಯಾರಿಗಾದರೂ ಪರದೇಶ ಆಗಬಹುದು ಅನ್ನೋದೇ ಹೊಳೆದಿರಲಿಲ್ಲ.

ದಾಜಿ ಅಂದರೆ ಅಕ್ಕನ ಗಂಡ. ನೀವು ಭಾವ ಅನ್ನುತ್ತೀರಿ. ನಮ್ಮದು ಗಡಿಯ ಮನೆ. ಅಡುಗೆಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ಮರಾಠಿ, ಸಿಟ್ಟು ಬಂದರೆ ಉರ್ದು. ನನಗಿಂತ ಎಂಟು ವರ್ಷ ದೊಡ್ಡವಳಾದ ನಮ್ಮಕ್ಕನನ್ನು ಇಂಥ ಮನೆಯಿಂದ ಎತ್ತಿ ತುಮಕೂರಿಗೆ ಕೊಟ್ಟರು. ತುಮಕೂರು ಎಲ್ಲಿದೆ ಅಂತ ನಮ್ಮಪ್ಪ ರೈಲ್ವೆ ಸ್ಟೇಷನ್ನಿಗೆ ಹೋಗಿ ಕೇಳಿಕೊಂಡು ಬಂದಿದ್ದರು. ವರ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಅಕ್ಕ ಮೂವತ್ತೊಂದು ವರ್ಷ ಅಲ್ಲಿ ಸಂಸಾರ ಮಾಡಿದಳು. ಮಕ್ಕಳಾಗಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ಕಾಯಿಲೆ ಬಿದ್ದು ತೀರಿಕೊಂಡಳು. ಆಮೇಲೆ ಒಂದು ವರ್ಷ ಭಾವನವರ ಸುದ್ದಿಯೇ ಇರಲಿಲ್ಲ. ನಾವೂ ಕೇಳಲಿಲ್ಲ ಅನ್ನುವುದು ಹೆಚ್ಚು ಸರಿ.

ಒಂದು ದಿನ ಬೆಳಿಗ್ಗೆ ಅವರ ಫೋನು.

“ಏನಮ್ಮಾ, ನಾನು ನಿಮ್ಮ ದೇಶಕ್ಕೆ ಬರ್ತಾ ಇದೀನಿ. ಅಲ್ಲಿ ಹವಾಮಾನ ಹೇಗಿದೆ?”

“ಬಿಸಲ ಭಾಳ ಅದರೀ ಭಾವ. ಬರ್ರಿ, ಎಂಟ ದಿನ ಇದ್ದು ಹೋಗೀರಂತ.”

“ಎಂಟು ದಿನ ಅಲ್ಲಮ್ಮ. ಇರೋಕೇ ಬರ್ತಿರೋದು. ಅಲ್ಲಿ ಕರೆಂಟಿನ ಪ್ಲಗ್ಗು ಎರಡು ಕಡ್ಡಿಯದೋ, ಮೂರು ಕಡ್ಡಿಯದೋ?”

ನಾನು ಫೋನಿಗೆ ಕೈ ಅಡ್ಡ ಇಟ್ಟು ಗಂಡನ ಮುಖ ನೋಡಿದೆ. ನನ್ನ ಗಂಡನಿಗೆ ಬಟ್ಟೆ ಅಂಗಡಿ ಇದೆ, ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಅದು ಹಬ್ಬದ ದಿನ. ಅವರು ಎರಡು ಬೆರಳು ತೋರಿಸಿ, ಸ್ವಲ್ಪ ಯೋಚಿಸಿ, ಮೂರೂ ತೋರಿಸಿದರು.

ಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಟಾರ್ಚು, ಎರಡು ಟ್ರಂಕು, ಒಂದು ಕಾಫಿ ಫಿಲ್ಟರು. ಸ್ಟೇಷನ್ನಿನಲ್ಲೇ ನನ್ನ ಗಂಡನಿಗೆ ತಿಳಿಸಿಬಿಟ್ಟರಂತೆ: “ನಿಮ್ಮ ಮನೆಗೆ ಬರೋಲ್ಲ. ಸಂಬಂಧಿಕರ ಮನೇಲಿ ಇಳ್ಕೊಂಡ್ರೆ ದೇಶ ಕಾಣೋಲ್ಲ.” ಧಾನ್ಯದ ಬಜಾರಿನ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಒಂದು ಕೋಣೆ ಹಿಡಿದರು. ಮುದುಕಿಯನ್ನು ಓಣಿಯವರೆಲ್ಲ ಆಜಿ ಅನ್ನುತ್ತಾರೆ. ಆಜಿಗೆ ಕನ್ನಡ ಬರುವುದಿಲ್ಲ. ಇವರಿಗೆ ಮರಾಠಿ ಬರುವುದಿಲ್ಲ. “ಇದೇ ಸರಿಯಾದ ಮನೆ,” ಅಂದರು ಇವರು.

ಮೊದಲ ದಿನವೇ ಕಾಫಿ ಫಿಲ್ಟರನ್ನು ನನಗೆ ಕೊಟ್ಟುಬಿಟ್ಟರು. ಪರದೇಶಕ್ಕೆ ಬಂದ ಮೇಲೆ ಅಲ್ಲಿಯ ಚಹಾ ಕುಡಿಯಬೇಕಂತೆ. ಅನ್ನವನ್ನೂ ಬಿಟ್ಟರು, ಇನ್ನು ಮೂರು ಹೊತ್ತೂ ಜೋಳದ ಭಾಕರಿ, ಅಂದರೆ ರೊಟ್ಟಿ. ಹೊಸಿಲು ದಾಟಿದರೆ ಕನ್ನಡವೂ ಇಲ್ಲ. ಭಾವ ಅನ್ನುವುದನ್ನೂ ನಿಲ್ಲಿಸಿದರು.

“ಇಲ್ಲಿ ಅಕ್ಕನ ಗಂಡನಿಗೆ ಏನಂತಾರೆ?”

“ದಾಜಿ ಅಂತಾರ್ರೀ.”

“ಹಾಗೇ ಕರಿ.”

ನಾನು ಕರೆದೆ. ಆಜಿ ಕೇಳಿಸಿಕೊಂಡಳು, ಅವಳೂ ಕರೆದಳು. ಹದಿನೈದು ದಿನದೊಳಗೆ ತರಕಾರಿ ಮಾರುವ ಎಂಬತ್ತರ ಅಜ್ಜನೂ ಅವರನ್ನು ದಾಜಿ ಅನ್ನತೊಡಗಿದ. ಓಣಿಗೆ ಓಣಿಯೇ ತನ್ನ ಅಕ್ಕನನ್ನು ಕೊಟ್ಟ ಹಾಗಾಯಿತು. ಅವರ ನಿಜವಾದ ಹೆಸರು ಈಗ ಅಲ್ಲಿ ಯಾರಿಗೂ ಗೊತ್ತಿಲ್ಲ. ನಾನೂ ಹೇಳುವುದಿಲ್ಲ.

ಭಾಕರಿಯ ಕಥೆ ಕೇಳಿ. ಹೋಟೆಲಿನದು ತಿಂದರೆ ಸಂಸ್ಕೃತಿ ಹತ್ತುವುದಿಲ್ಲ ಅಂತ ಇವರು ತಾವೇ ತಟ್ಟಲು ಕೂತರು. ಆಜಿ ಎದುರಿಗೆ ಕೂತು ಕೈಸನ್ನೆಯಲ್ಲೇ ಕಲಿಸಿದಳು. ಮೊದಲನೆಯದನ್ನು ತವೆಯ ಮೇಲೆ ಹಾಕುವಾಗ ಅದು ಎರಡು ಜಿಲ್ಲೆ, ಮೂರು ತಾಲೂಕು ಆಗಿ ಒಡೆಯಿತು. ಆಜಿ ಅದನ್ನು ಅಂಗಳದ ಆಡಿಗೆ ಕೊಟ್ಟಳು. ಆಡು ಮೂಸಿ ನೋಡಿ, ತಲೆ ಎತ್ತಿ ದಾಜಿಯ ಮುಖ ನೋಡಿತಂತೆ. “ಮೂವತ್ತು ವರ್ಷ ಮಕ್ಕಳಿಗೆ ಕವಾಯತು ಮಾಡಿಸಿದೀನಮ್ಮ. ಯಾವ ಮಗೂನೂ ನನ್ನ ಹಾಗೆ ನೋಡಿರಲಿಲ್ಲ,” ಅಂತ ದಾಜಿ ನನ್ನ ಹತ್ತಿರ ಹೇಳಿಕೊಂಡರು.

ಭಾಷೆಯದು ಇನ್ನೂ ದೊಡ್ಡ ಕಥೆ. ಇಕಡೆ ಅಂದರೆ ಈ ಕಡೆ ಅಂತ ಗೊತ್ತಾದ ದಿನ ಅವರ ಸಂತೋಷಕ್ಕೆ ಮಿತಿಯಿರಲಿಲ್ಲ. “ಇಷ್ಟೇನಾ ಮರಾಠಿ? ನಮ್ಮದೇ ಅಲ್ವಾ?” ಅಂದರು. ಮರುದಿನ ಆ ಕಡೆ ಅನ್ನುವುದಕ್ಕೆ ತಿಕಡೆ ಅನ್ನಬೇಕು ಅಂತ ಗೊತ್ತಾಯಿತು. ತುಮಕೂರಿನ ಮರ್ಯಾದಸ್ಥ ಮನೆಯಲ್ಲಿ ಬೆಳೆದ ಮನುಷ್ಯ, ಹೆಂಗಸರ ಮುಂದೆ ಆ ಮಾತು ಹೇಗೆ ಆಡಿಯಾರು? ಸುಮಾರು ಒಂದು ತಿಂಗಳು, ದಾರಿ ಕೇಳಿದವರಿಗೆಲ್ಲ ಅವರು ಈ ಕಡೆಯ ದಾರಿಯನ್ನು ಮಾತ್ರ ಹೇಳುತ್ತಿದ್ದರು.

ಇನ್ನೊಂದು ಮಧ್ಯಾಹ್ನ ನಮ್ಮ ಮನೆಗೆ ಬೆವರುತ್ತಾ ಬಂದರು. ಗ್ಯಾಸಿನ ಕನೆಕ್ಷನ್ನಿಗೆ ಅರ್ಜಿ ಕೊಡಲು ಹೋಗಿದ್ದರು.

“ಆಫೀಸಿನಲ್ಲಿ ಶಿಸ್ತೇ ಇಲ್ಲಮ್ಮ. ಸಾಹೇಬರು ಎಲ್ಲಿ ಅಂತ ಕೇಳಿದೆ. ಗುಮಾಸ್ತ ಎಲ್ಲರ ಎದುರಿಗೇ ಹೇಳ್ತಾನೆ, ಸಾಹೇಬ ನಾಯಿ ಅಂತ. ಹಾಗೆಲ್ಲ ಅನ್ನಬಾರದಪ್ಪಾ ಅಂದೆ. ಇನ್ನೂ ಜೋರಾಗಿ, ನಾಯಿ, ನಾಯಿ ಅಂದ.”

“ದಾಜಿ, ನಾಯಿ ಅಲ್ಲರೀ, ನಾಹೀ. ನಾಹೀ ಅಂದ್ರ ಇಲ್ಲ ಅಂತ. ಸಾಹೇಬ ಇಲ್ಲ ಅಂತ ಹೇಳ್ಯಾನ ಅಂವಾ.”

ದಾಜಿ ಬೆವರು ಒರೆಸಿಕೊಂಡರು. ಆಮೇಲೆ, “ಹಾಗಾದ್ರೆ ನಾನು ಆ ಹುಡುಗನಿಗೆ ಬೈದು ಬಂದೆನಲ್ಲ,” ಅಂದರು. ಎದ್ದು ಹೋಗಿ ಗುಮಾಸ್ತನ ಕ್ಷಮೆ ಕೇಳಿ ಬಂದರು. ಯಾತಕ್ಕೆ ಕ್ಷಮೆ ಅಂತ ಆ ಗುಮಾಸ್ತನಿಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಆಜಿಯ ಮಗಳ ಪ್ರಕರಣದ ಮುಂದೆ ಇದೆಲ್ಲ ಏನೂ ಅಲ್ಲ. ಮಗಳಿಗೆ ಮರಾಠಿಯಲ್ಲಿ ಮುಲಗೀ ಅನ್ನುತ್ತಾರೆ. ಆಜಿಯ ಮಗಳು ಪುಣೆಯಲ್ಲಿದ್ದಾಳೆ. ಒಂದು ಸಂಜೆ ದಾಜಿ ಕಷ್ಟಪಟ್ಟು ಮಕ್ಕಳ ಬಗ್ಗೆ ಕೇಳಿದರು. ಆಜಿ ನಿಟ್ಟುಸಿರು ಬಿಟ್ಟು, “ಮುಲಗೀ ಪುಣ್ಯಾತ ಆಹೆ,” ಅಂದಳು. ಮಗಳು ಪುಣೆಯಲ್ಲಿದ್ದಾಳೆ ಅಂತ ಅದರ ಅರ್ಥ. ದಾಜಿಗೆ ಕೇಳಿಸಿದ್ದು, ಮುಳುಗಿ ಪುಣ್ಯಾತ್ಮಳಾದಳು ಅಂತ. ಅವರ ಕಣ್ಣಲ್ಲಿ ನೀರು ಬಂತು. ಯಾವ ಕೆರೆ ಅಂತ ಕೇಳಲೂ ಅವರಿಗೆ ಭಾಷೆ ಇರಲಿಲ್ಲ. ಆಜಿಯ ಪಕ್ಕ ಕೂತು ಅವಳ ಕೈ ಹಿಡಿದರು. ಪುಣೆಗೆ ಹೋದ ಮಗಳ ಸಲುವಾಗಿ ಒಬ್ಬ ಗಂಡಸು ಇಷ್ಟು ಮರುಗುವುದನ್ನು ಕಂಡು ಆಜಿಗೂ ಅಳು ಬಂತು. ಇಬ್ಬರೂ ಕಟ್ಟೆಯ ಮೇಲೆ ಕೂತು ಚೆನ್ನಾಗಿ ಅತ್ತರು.

ಮುಂದಿನ ವಾರ ಮಗಳು ಸೂಟ್‌ಕೇಸು ಎಳೆದುಕೊಂಡು ಬಂದು ದಾಜಿಗೆ ನಮಸ್ಕಾರ ಮಾಡಿದಳು. ಇದು ಯಾರು ಅಂತ ತಿಳಿದ ಮೇಲೆ ದಾಜಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನೀರು ಕುಡಿದರಂತೆ.

ನಾನು ಈ ಕಥೆಯನ್ನು ಕಾಲೇಜಿನ ಲೈಬ್ರರಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಅಲ್ಲಿ ನಾನು ಲೈಬ್ರರಿಯನ್. ಸದ್ದು ಮಾಡಬೇಡಿ ಅನ್ನುವುದೇ ನನ್ನ ಕೆಲಸ. ಅವತ್ತು ನನ್ನಿಂದಲೇ ಹೆಚ್ಚು ಸದ್ದಾಯಿತು. ನಾನು ಹೇಳದೆ ಬಿಟ್ಟದ್ದು ಒಂದಿತ್ತು. ಮಗಳು ನಾಲ್ಕು ದಿನ ಇದ್ದು ಹೋದ ಮೇಲೆ ಆಜಿ ಒಂದು ಹೊತ್ತು ಒಲೆ ಹಚ್ಚಲಿಲ್ಲ. ದಾಜಿ ತಮ್ಮ ಎರಡು ಭಾಕರಿಯಲ್ಲಿ ಒಂದನ್ನು ತಟ್ಟೆಯಲ್ಲಿಟ್ಟು ಅವಳ ಬಾಗಿಲಿಗೆ ಕೊಂಡುಹೋದರು. ಆಡು ತಿನ್ನದ ಭಾಕರಿಯನ್ನು ಆಜಿ ತಿಂದಳು. ಮರುದಿನದಿಂದ ಅವಳು ದಿನಕ್ಕೆ ಹತ್ತು ಮಾತಿನಂತೆ ಅವರಿಗೆ ಮರಾಠಿ ಕಲಿಸತೊಡಗಿದಳು. ಗಟ್ಟಿಯಾಗಿ ಹೇಳುವುದು, ತಪ್ಪಿದರೆ ಮೊಣಕಾಲಿಗೆ ಹೊಡೆಯುವುದು. ಡ್ರಿಲ್ ಮಾಸ್ತರಿಗೆ ಆ ಪದ್ಧತಿ ಚೆನ್ನಾಗಿ ಒಗ್ಗಿತು.

ಮಾತು ಸ್ವಲ್ಪ ಬಂದದ್ದೇ ತಡ, ದಾಜಿ ಊರಿನ ಸಮಾರಂಭಗಳಿಗೆ ನುಗ್ಗತೊಡಗಿದರು. ನುಗ್ಗುವುದು ಅಂದೆ ಯಾಕೆಂದರೆ ಕರೆಯದವರ ಮನೆಗೂ ಹೋಗುತ್ತಿದ್ದರು. ಬಾರಸೆ ಅನ್ನುವ ನಾಮಕರಣ, ಭಜನೆ, ಮದುವೆ, ಯಾವುದೂ ಬಿಡಲಿಲ್ಲ. ನಮ್ಮ ಕಡೆ ಮದುವೆಯಲ್ಲಿ ಮಂಗಳಾಷ್ಟಕ ಹಾಡುವಾಗ ಪ್ರತಿ ಪದ್ಯದ ಕೊನೆಗೆ “ಸಾವಧಾನ” ಅನ್ನುತ್ತಾರೆ, ಜನ ಅಕ್ಷತೆ ಎಸೆಯುತ್ತಾರೆ. ನನ್ನ ಗಂಡನ ಅಂಗಡಿಯ ಗಿರಾಕಿಯೊಬ್ಬರ ಮನೆಯ ಮದುವೆ. ನಾವೂ ಹೋಗಿದ್ದೆವು. ಭಟ್ಟರು ಮೈಕಿನಲ್ಲಿ ಮೊದಲನೆಯ “ಸಾವಧಾನ” ಅಂದರು ನೋಡಿ, ಮೂರನೆಯ ಸಾಲಿನಲ್ಲಿ ಟಪ್ ಅಂತ ಎರಡು ಹಿಮ್ಮಡಿ ಕೂಡಿದ ಸದ್ದು. ದಾಜಿ ಎದೆ ಸೆಟೆಸಿ, ಕೈ ಪಕ್ಕಕ್ಕಿಟ್ಟು, ಕಣ್ಣು ನೇರ ಮಾಡಿ ನಿಂತಿದ್ದಾರೆ. ಮೂವತ್ತು ವರ್ಷ ಮೈದಾನದಲ್ಲಿ ಕೂಗಿದ ಮಾತು ಅದು, ಮೈ ಕೇಳಬೇಕಲ್ಲ? ಎಂಟು ಸಲ ಸಾವಧಾನ, ಎಂಟು ಸಲ ಟಪ್. ವಿಶ್ರಾಮ್ ಅಂತ ಯಾರೂ ಅನ್ನಲಿಲ್ಲವಾದ್ದರಿಂದ ಊಟದ ಪಂಕ್ತಿಗೂ ಹಾಗೇ ನಡೆದು ಬಂದರು. ಹುಡುಗನ ಕಡೆಯವರು ಮಫ್ತಿಯಲ್ಲಿ ಪೊಲೀಸರು ಬಂದಿದ್ದಾರೆ ಅಂದುಕೊಂಡು ಇವರಿಗೆ ಎರಡು ಜಿಲೇಬಿ ಹೆಚ್ಚು ಬಡಿಸಿದರು.

ಭಾನುವಾರ ಮಾತ್ರ ದಾಜಿ ಊರಲ್ಲಿ ಸಿಗುತ್ತಿರಲಿಲ್ಲ. ಬೆಳಿಗ್ಗೆ ಎಸ್‌ಟಿ ಬಸ್ಸು ಹತ್ತಿ ನಿಲಂಗಾಕ್ಕೆ ಹೋಗುತ್ತಿದ್ದರು.

“ನಿಲಂಗಾದಾಗ ಏನದರೀ ದಾಜಿ?”

“ಕೋಟೆ ನೋಡೋಕೆ ಹೋಗ್ತೀನಮ್ಮ.”

“ಕೋಟಿ ನಮ್ಮ ಉದಗೀರದಾಗೇ ಅದ ಅಲ್ಲರೀ?”

“ಅದು ನೋಡಿ ಆಯ್ತು. ಅಲ್ಲೂ ಒಂದು ಇದ್ದರೆ ಅಂತ ಹುಡುಕ್ತಾ ಇದೀನಿ.”

ಒಂದು ಭಾನುವಾರ ನಾನೇ ಏನೋ ಕೆಲಸಕ್ಕೆ ನಿಲಂಗಾಕ್ಕೆ ಹೋಗಬೇಕಾಯಿತು. ಅಲ್ಲಿ ಬೆಳಗಿನ ಹೊತ್ತು ಗಾಡಿಗಳಲ್ಲಿ ಒಂದು ಹಳದಿ ಅನ್ನ ಮಾರುತ್ತಾರೆ. ಎಣ್ಣೆ, ಖಾರ ಜೋರು. ನಿಲಂಗಾ ರೈಸ್ ಅಂತಲೇ ಸುತ್ತ ಹೆಸರುವಾಸಿ. ಅಂಥ ಒಂದು ಗಾಡಿಯ ಪಕ್ಕದ ಬೆಂಚಿನ ತುದಿಯಲ್ಲಿ ದಾಜಿ ಕೂತಿದ್ದರು. ಕೈಯಲ್ಲಿ ಪ್ಲೇಟು. ಚಮಚ ಪಕ್ಕಕ್ಕಿಟ್ಟು, ಅನ್ನವನ್ನು ಬೆರಳಲ್ಲಿ ಸಣ್ಣಗೆ ಕಲಸಿ, ತುತ್ತು ಮಾಡಿ ತಿನ್ನುತ್ತಿದ್ದರು. ಕಣ್ಣು ಮುಚ್ಚಿದ್ದವು. ಸುತ್ತ ಜನ ಬಂದು ತಿಂದು ಹೋಗುತ್ತಿದ್ದರು, ಅವರ ಪಕ್ಕ ಮಾತ್ರ ಯಾರೂ ಇರಲಿಲ್ಲ. ನಾನು ಅವರನ್ನು ಕರೆಯಲಿಲ್ಲ. ಹಾಗೇ ತಿರುಗಿ ಬಸ್ ನಿಲ್ದಾಣಕ್ಕೆ ನಡೆದೆ. ಅವರನ್ನು ಊಟಕ್ಕೆ ಕರೆದು ಎಷ್ಟು ದಿನವಾಯಿತು ಅಂತ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ನೆನಪಾಗಲಿಲ್ಲ. ಆ ವಾರ ಕರೆದೆ, ಅನ್ನವನ್ನೇ ಮಾಡಿದೆ. “ನಾನು ಅನ್ನ ಬಿಟ್ಟಿದೀನಲ್ಲಮ್ಮ,” ಅಂದರು. “ಮಾಡಿ ಆಗ್ಯಾದ್ರೀ, ಏನ್ ಮಾಡ್ಲಿ?” ಅಂದೆ. ಮೂರು ಸಲ ಬಡಿಸಿಕೊಂಡರು.

ಸಂಕ್ರಾಂತಿಯ ನಂತರ ನಮ್ಮಲ್ಲಿ ಮನೆ ಮನೆಗೂ ಹಳದಿ-ಕುಂಕುಮದ ಕಾರ್ಯಕ್ರಮ. ಮುತ್ತೈದೆಯರನ್ನು ಕರೆದು ಅರಿಸಿನ ಕುಂಕುಮ ಹಚ್ಚಿ, ಎಳ್ಳಿನ ಉಂಡೆ ಕೊಟ್ಟು, ಒಂದು ಸಣ್ಣ ಸಾಮಾನು ಉಡಿಯಲ್ಲಿಡುವುದು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ನನ್ನ ಗಂಡ ಆ ದಿನ ಅಂಗಡಿಯಿಂದಲೇ ಬರುವುದಿಲ್ಲ. ನಮ್ಮ ಮನೆಯ ಹಾಲಿನಲ್ಲಿ ಮೂವತ್ತು ಹೆಂಗಸರು ಕೂತಿದ್ದಾರೆ, ಬಾಗಿಲಲ್ಲಿ ದಾಜಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಚೀಲ. ಹೆಂಗಸರು ಸೆರಗು ಸರಿಮಾಡಿಕೊಂಡರು. ಯಾರೋ ಕಿಸಕ್ಕನೆ ನಕ್ಕರು. ನನಗೆ ಮುಖ ಎಲ್ಲಿಡಬೇಕು ತಿಳಿಯಲಿಲ್ಲ. ಅವರನ್ನು ಪಡಸಾಲೆಗೆ ಕರೆದೆ.

“ದಾಜಿ, ಇದು ಹೆಂಗಸರದರೀ. ಇಲ್ಲೂ ಬರಬೇಕಿತ್ತಾ? ಮಂದಿ ಏನಂತಾರ? ನಿಮ್ಮ ಸಂಸ್ಕೃತಿ ಕಲಿಯೋದು ಸಾಕ ಮಾಡ್ರಿ ಇನ್ನ.”

ಅಷ್ಟು ಬಿರುಸಾಗಿ ಅವರ ಹತ್ತಿರ ನಾನು ಎಂದೂ ಮಾತಾಡಿರಲಿಲ್ಲ. ದಾಜಿ ಸಾವಧಾನದಲ್ಲಿ ನಿಂತ ಹಾಗೆಯೇ ನಿಂತಿದ್ದರು.

“ಬೇಜಾರು ಮಾಡ್ಕೋಬೇಡಮ್ಮ. ನಿಮ್ಮಕ್ಕನ ವಾರಗೆಯ ಹೆಂಗಸರು ಒಂದೇ ಕಡೆ ಇಷ್ಟು ಜನ ಸೇರೋದು ಇವತ್ತೇ ಅಂತ ಆಜಿ ಹೇಳಿದರು. ಒಂದು ಫೋಟೋ ತೋರಿಸಿ ಹೋಗ್ತೀನಿ, ಅಷ್ಟೇ.”

ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಹಳೆಯ ಫೋಟೋ ತೆಗೆದರು. ನಮ್ಮ ಊರಿನ ಹೆಣ್ಣುಮಕ್ಕಳ ಶಾಲೆ, ಹತ್ತನೆಯ ತರಗತಿ. ಮುಂದೆ ಕುರ್ಚಿಯಲ್ಲಿ ಮಾಸ್ತರುಗಳು, ಹಿಂದೆ ಎರಡು ಜಡೆಯ ಹುಡುಗಿಯರು. ಎಲ್ಲರೂ ಕಲ್ಲಿನ ಹಾಗೆ ನಿಂತಿದ್ದಾರೆ. ಎರಡನೆಯ ಸಾಲಿನಲ್ಲಿ ನಮ್ಮಕ್ಕ ಒಬ್ಬಳದೇ ಮುಖ ಅಲುಗಿದೆ. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಪಕ್ಕದವಳ ಕಡೆ ತಿರುಗಿ ಏನೋ ಹೇಳಿದ್ದಾಳೆ. ಆ ಪಕ್ಕದವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ನಗು ಅವಳ ಬೆರಳ ಸಂದಿಯಿಂದ ಹೊರಗೆ ಬರುವಂತಿದೆ.

“ಇದು ಅವಳ ಟ್ರಂಕಿನ ತಳದಲ್ಲಿತ್ತು. ನನಗೆ ಯಾವತ್ತೂ ತೋರಿಸಿರಲಿಲ್ಲ,” ಅಂದರು ದಾಜಿ. “ಈ ಹುಡುಗಿ ಯಾರು ಅಂತ ಗೊತ್ತಾದ್ರೆ, ನಿಮ್ಮಕ್ಕ ಏನು ಹೇಳ್ತಿದ್ದಳು ಅಂತ ಕೇಳಬಹುದು.”

ಆಮೇಲೆ ತಿಳಿಯಿತು. ಕರೆಯದ ಮದುವೆಗಳಿಗೆ, ಭಜನೆಗಳಿಗೆ, ಬಾರಸೆಗಳಿಗೆ ಹೋಗಿ ಅವರು ಮಾಡಿದ್ದು ಇದನ್ನೇ. ಐವತ್ತು ದಾಟಿದ ಹೆಂಗಸರನ್ನು ಹುಡುಕಿ, ಅವರ ಮನೆಯ ಗಂಡಸರ ಅನುಮತಿ ಕೇಳಿ, ಕಲಿತ ಮರಾಠಿಯಲ್ಲಿ, “ಹೀ ಕೋಣ?” ಅನ್ನುವುದು. ಇವಳು ಯಾರು? ಆದರೆ ಮದುವೆಯ ಗಲಾಟೆಯಲ್ಲಿ ಹಳೆಯ ಫೋಟೋ ಯಾರು ನೋಡುತ್ತಾರೆ? ಅಷ್ಟಕ್ಕೂ, ನನ್ನನ್ನು ಯಾಕೆ ಕೇಳಲಿಲ್ಲ? ಕೇಳಿದೆ. “ನೀನು ಆಗ ಚಿಕ್ಕವಳು. ಮೇಲಾಗಿ,” ಅಂದು ಸ್ವಲ್ಪ ತಡೆದರು, “ನನಗೆ ಅವರ ಭಾಷೇಲೇ ಕೇಳಬೇಕಿತ್ತು.”

ಫೋಟೋ ನಾನೇ ಒಳಗೆ ತೆಗೆದುಕೊಂಡು ಹೋದೆ. ಮೂವತ್ತು ಹೆಂಗಸರ ಕೈ ದಾಟಿತು. ಜಳಕೋಟದಿಂದ ಬಂದಿದ್ದ ಒಬ್ಬಾಕೆ ಕನ್ನಡಕ ಏರಿಸಿ, “ಅಗಂ ಬಾಈ, ಇದು ಶಾಲನ ಅಲ್ಲ? ಮುರುಮಕ್ಕ ಕೊಟ್ಟಾರ ಆಕೀನ. ಕಿರಾಣಿ ಅಂಗಡಿಯವರ ಮನಿ,” ಅಂದಳು.

ಮುರುಮಕ್ಕೆ ನಾನೂ ಹೊರಟೆ. ಉದಗೀರದಿಂದ ನಿಲಂಗಾ, ನಿಲಂಗಾದಿಂದ ಉಮರ್ಗಾ, ಅಲ್ಲಿ ಬಸ್ಸು ಬದಲಿಸಿ ಮುರುಮ. ದಾಜಿ ಕಿಟಕಿಯ ಪಕ್ಕ ಕೂತಿದ್ದರು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಉಮರ್ಗಾ ದಾಟಿದ ಮೇಲೆ ಅವರಾಗಿಯೇ ಮಾತು ತೆಗೆದರು.

“ಮದುವೆಯಾದ ಮೂರನೇ ದಿನ ನಿಮ್ಮಕ್ಕ ನಲ್ಲಿ ಹತ್ತಿರ ನಿಂತು, ಅತ್ತೀ, ನೀರು ಬಂದಾವ್ರೀ ಅಂತ ಕೂಗಿದಳು. ನಮ್ಮಮ್ಮ, ಎಷ್ಟು ನೀರುಗಳು ಬಂದಾವಮ್ಮಾ ಅಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಒಂದು ವಾರ ಅದೇ ಮಾತು. ಬಂದವರಿಗೆಲ್ಲ ಹೇಳಿ ನಗಿಸೋದು. ನಾನೂ ಹೇಳ್ತಿದ್ದೆ.”

ಮುಲಗೀ ಪುಣ್ಯಾತ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೆ?

“ಒಂದು ತಿಂಗಳಿಗೆ ಅವಳು ನಮ್ಮ ಥರಾನೇ ಮಾತಾಡೋಕೆ ಶುರು ಮಾಡಿದಳು. ಎಷ್ಟು ಬೇಗ ಕಲಿತಳು ನೋಡಿ ಅಂತ ನಾನು ಎಲ್ಲರ ಮುಂದೆ ಹೊಗಳ್ತಿದ್ದೆ. ಅಡುಗೇನೂ ನಮ್ಮದೇ, ಹಾಡೂ ನಮ್ಮದೇ. ಅವಳು ಬೇರೆ ದೇಶದಿಂದ ಬಂದೋಳು ಅನ್ನೋದೇ ನಂಗೆ ಮರೆತುಹೋಯ್ತು. ಬಹಳ ಒಳ್ಳೆಯವಳು, ಆದರೆ ಮಾತು ಕಡಿಮೆ. ಮೂವತ್ತೊಂದು ವರ್ಷ ನಮ್ಮನೇಲಿ ಅವಳು ಒಂದೂ ತಮಾಷೆ ಮಾತು ಆಡಲಿಲ್ಲಮ್ಮ. ಗಂಭೀರ ಸ್ವಭಾವ ಅಂತ ತಿಳ್ಕೊಂಡಿದ್ದೆ.”

ನಾನು ಅವರ ಕಡೆ ತಿರುಗಿ ನೋಡಿದೆ. ನಮ್ಮಕ್ಕ ಗಂಭೀರವೇ? ಅವಳು ಊಟಕ್ಕೆ ಕೂತರೆ ನಮ್ಮಪ್ಪ, “ಈಕೀನ ಬ್ಯಾರೆ ಕೂಡಸ್ರಿ, ತುತ್ತು ನೆತ್ತಿಗಿ ಏರ್ತದ,” ಅನ್ನುತ್ತಿದ್ದರು. ಓಣಿಯಲ್ಲಿ ಯಾರು ನಡೆದು ಹೋದರೂ ಅವರ ಹಿಂದೆ ಅವರ ಹಾಗೇ ನಡೆದು ತೋರಿಸುತ್ತಿದ್ದಳು. ನನಗೆ ಅದು ಚೆನ್ನಾಗಿ ನೆನಪಿದೆ. ತುಮಕೂರಿಗೆ ನಾನು ಎರಡೇ ಸಲ ಹೋಗಿದ್ದು. ಆಗ ಅವಳು ಮೆಲ್ಲಗೆ, ಅಚ್ಚುಕಟ್ಟಾಗಿ, ಪುಸ್ತಕದ ಹಾಗೆ ಮಾತಾಡುತ್ತಿದ್ದಳು. ಸಂಸಾರ ಬಂತಲ್ಲ, ದೊಡ್ಡವಳಾದಳು ಅಂದುಕೊಂಡೆ. “ಏನ್ ಅಕ್ಕಾ, ಭಾಳ ಶಾಣ್ಯಾ ಆಗೀದಿ,” ಅಂತ ನಾನೂ ಚೇಷ್ಟೆ ಮಾಡಿದ್ದೆ. ಅವಳು ನಕ್ಕು ಸುಮ್ಮನಾಗಿದ್ದಳು. ಅಕ್ಕ ನಗಿಸುವವಳು ಅಂತ ನಮಗೆಲ್ಲ ಗೊತ್ತಿತ್ತು. ಇವರಿಗೆ ಅದನ್ನು ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಮೂವತ್ತೊಂದು ವರ್ಷ ಅದೆಲ್ಲ ಅವರಿಗೇ ಸಿಕ್ಕಿದೆ ಅಂದುಕೊಂಡಿದ್ದೆವು.

ಬಸ್ಸಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳುವುದು ನನ್ನ ಕೆಲಸವಲ್ಲ ಅನ್ನಿಸಿತು.

ಶಾಲನಬಾಯಿಯ ಮನೆ ಅಂಗಡಿಯ ಮೇಲೆ. ಮೈ ತುಂಬಿದ ಹೆಂಗಸು, ಕೈಯಲ್ಲಿ ಸೊಲಗೆ ಹಿಡಿದೇ ಹೊರಗೆ ಬಂದಳು. ಅವಳ ಇಬ್ಬರು ಸೊಸೆಯರು ಚಹಾ ತಂದರು. ನಾನು ಯಾರ ತಂಗಿ ಅಂತ ಹೇಳಿದೆ. ಅಕ್ಕ ಇಲ್ಲ ಅನ್ನುವುದನ್ನೂ ಹೇಳಿದೆ. ಶಾಲನಬಾಯಿ ಸೊಲಗೆಯನ್ನು ನೆಲದ ಮೇಲಿಟ್ಟು ಅಲ್ಲೇ ಕೂತುಬಿಟ್ಟಳು. ದಾಜಿ ಫೋಟೋ ಮುಂದೆ ಹಿಡಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದಳು, ನೋಡಿದವಳೇ ಹಳೆಯ ಫೋಟೋದಲ್ಲಿದ್ದ ಹಾಗೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

“ನನಗ ಕನ್ನಡ ಬರ್ತದರೀ. ಕನ್ನಡದಾಗ ಹೇಳ್ಲಿ?” ಅಂದಳು.

“ನಕೋ,” ಅಂದರು ದಾಜಿ. ಬೇಡ. “ಮರಾಠೀತ ಸಾಂಗಾ.” ಮರಾಠಿಯಲ್ಲೇ ಹೇಳಿ.

ಅವಳು ಮರಾಠಿಯಲ್ಲೇ ಹೇಳಿದಳು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತವರಲ್ಲಿ ಒಬ್ಬರು ಭೂಗೋಳದ ಮಾಸ್ತರು. ನಶ್ಯದ ಚಟ. ನೋಟ್ಸು ಬರೆಸುವಾಗಲೂ ಏರಿಸುತ್ತಿದ್ದರು, ನಡುವೆ ಸೀನು. ನಮ್ಮಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಬೆಂಚು ಹತ್ತಿ ಅವರ ಹಾಗೇ ನಿಂತು ಪಾಠ ಮಾಡುತ್ತಿದ್ದಳು. ಹೇಳುತ್ತಾ ಹೇಳುತ್ತಾ ಶಾಲನಬಾಯಿಯೇ ಎದ್ದು ನಿಂತಳು. ಹೊಟ್ಟೆ ಮುಂದೆ ಮಾಡಿ, ಒಂದು ಕಣ್ಣು ಸಣ್ಣದು ಮಾಡಿ, ಎರಡು ಬೆರಳು ಮೂಗಿಗೆ ಹಿಡಿದಳು.

“ಲಿಹಾ ಮುಲೀಂನೋ. ಮಹಾರಾಷ್ಟ್ರಾಚ್ಯಾ ನದ್ಯಾ. ಗೋದಾವರೀ... ಭೀಮಾ... ಹಾ... ಹಾ... ಹಾಕ್ಷೀ... ಮಾಂಜರಾ.”

ಬರೆದುಕೊಳ್ಳಿ ಹುಡುಗಿಯರೇ, ಮಹಾರಾಷ್ಟ್ರದ ನದಿಗಳು. ಹಳ್ಳಿಯಿಂದ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ, ಇದು ನಿಜವಾದ ಪಾಠವೇ ಅಂದುಕೊಂಡು, ನಾಲ್ಕೂ ಹೆಸರು ಬರೆದುಕೊಂಡು, ಎದ್ದು ನಿಂತು ಕೇಳಿದಳಂತೆ: “ಹಾಕ್ಷೀ ನದೀ ಕುಠೂನ ನಿಘತೇ?” ಹಾಕ್ಷೀ ನದಿ ಎಲ್ಲಿ ಹುಟ್ಟುತ್ತದೆ?

ನಮ್ಮಕ್ಕ ಮಾಸ್ತರ ಧ್ವನಿಯಲ್ಲೇ, ಬಹಳ ಶಾಂತವಾಗಿ ಹೇಳಿದಳು: “ನಾಕಾತೂನ.”

ಫೋಟೋದ ದಿನ ಎಲ್ಲರೂ ಅಲುಗದೆ ನಿಂತಾಗ ಮುಂದೆ ಕೂತ ಮಾಸ್ತರು ಸೀನಿದರು. ಅಕ್ಕ ಪಕ್ಕಕ್ಕೆ ತಿರುಗಿ, “ಪೂರ ಬಂತು,” ಅಂದಳು. ಮಹಾಪೂರ. ಅಷ್ಟೇ ಅವಳು ಹೇಳಿದ್ದು.

ಸೊಸೆಯರು ಗೋಡೆಗೆ ಒರಗಿ ನಕ್ಕರು. ಶಾಲನಬಾಯಿ ಅಳುತ್ತಾ ನಕ್ಕಳು. ನನಗೂ ತಡೆಯಲಾಗಲಿಲ್ಲ, ಆ ನಾಕಾತೂನ ನನ್ನ ಅಕ್ಕನದೇ ಧ್ವನಿ.

ದಾಜಿ ನಗಲಿಲ್ಲ. ಅವರ ತುಟಿ ಅಲುಗುತ್ತಿತ್ತು. “ನಾಕಾತೂನ,” ಅಂತ ತಮ್ಮಷ್ಟಕ್ಕೇ ಅಂದುಕೊಂಡರು. ನಾಕು ಅಂತ ತಿಳಿದು ನಾಲ್ಕು ಬೆರಳು ಮಡಿಸಿದರು, ಅದು ಹೊಂದಲಿಲ್ಲ. ಬಿಡಿಸಿದರು. ಆಜಿ ಕಲಿಸಿದ ಹತ್ತು ಹತ್ತು ಮಾತುಗಳಲ್ಲಿ ಹುಡುಕುತ್ತಿದ್ದರು ಅಂತ ಕಾಣುತ್ತದೆ. ನಾವೆಲ್ಲ ನಕ್ಕು ಮುಗಿಸಿ ಅವರ ಮುಖ ನೋಡುತ್ತಾ ಕೂತೆವು. ನಾನು ಅರ್ಥ ಹೇಳಲು ಬಾಯಿ ತೆರೆದೆ, ಶಾಲನಬಾಯಿ ಕಣ್ಣಲ್ಲೇ ಬೇಡ ಅಂದಳು. ಕೊನೆಗೆ ಅವರ ಕೈ ನಿಧಾನವಾಗಿ ಮೇಲೆದ್ದು ತಮ್ಮ ಮೂಗನ್ನು ಮುಟ್ಟಿತು. ಮೂಗಿನಿಂದ. ಹಾಕ್ಷೀ ನದಿ ಮೂಗಿನಿಂದ ಹುಟ್ಟುತ್ತದೆ.

ಆಗ ಬಂತು ಅವರ ನಗು. ಆ ಮನೆಯಲ್ಲಿ ಆಗ ಇನ್ನಾರೂ ನಗುತ್ತಿರಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದರು. ದಾಜಿ ಒಬ್ಬರೇ, ಮೊಣಕಾಲಿನ ಮೇಲೆ ಫೋಟೋ ಇಟ್ಟುಕೊಂಡು, ಕನ್ನಡಕ ತೆಗೆದು, ಭುಜ ಕುಲುಕುತ್ತಾ ನಕ್ಕರು. ನಕ್ಕು ಮುಗಿದ ಮೇಲೆ ಕನ್ನಡಕ ಒರೆಸಿ ಹಾಕಿಕೊಂಡು ಶಾಲನಬಾಯಿಯ ಕಡೆ ನೋಡಿದರು.

“ಪುನ್ಹಾ ಸಾಂಗಾ,” ಅಂದರು. ಇನ್ನೊಮ್ಮೆ ಹೇಳಿ.

ಶಾಲನಬಾಯಿ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಸೆರಗು ಬಿಗಿದು, ಹೊಟ್ಟೆ ಮುಂದೆ ಮಾಡಿ, ಗೋದಾವರಿಯಿಂದ ಮತ್ತೆ ಶುರು ಮಾಡಿದಳು. ಈ ಸಲ ದಾಜಿ ನಮ್ಮ ಜೊತೆಯಲ್ಲೇ ನಕ್ಕರು.